ಟ್ರಯಾಥ್ಲಾನ್ ನಮ್ಮೂರ ಮಕ್ಕಳಿಗೂ ಸಿಗಲಿ

ಜರ್ಮನಿಯ ನ್ಯೂರೆಂಬರ್ಗ್ ಹತ್ತಿರ ರೋಟ್ ಅಂತ ಒಂದು ಊರಿದೆ. ಜನಸಂಖ್ಯೆ ಸುಮಾರು 25 ಸಾವಿರ. ಪ್ರತಿ ಬೇಸಿಗೆಯಲ್ಲಿ ಇಲ್ಲಿ ನಡೆಯುವ ಟ್ರಯಾಥ್ಲಾನ್ ನೋಡೋಕೆ ಲಕ್ಷಕ್ಕೂ ಜಾಸ್ತಿ ಜನ ಸೇರುತ್ತಾರೆ. ಕಾಲುವೆಯಲ್ಲಿ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಆಮೇಲೆ ಪೂರ್ತಿ ಮ್ಯಾರಥಾನ್. ಒಂದರ ಹಿಂದೆ ಒಂದು. ನಾನಿರುವುದು ಇದೇ ಸೀಮೆಯಲ್ಲಿ. ಬೆಂಗಳೂರಿನ ನನ್ನ ಗೆಳೆಯರಿಗೂ ಈಗ ಈ ಆಟದ ಹುಚ್ಚು ಹಿಡಿದಿದೆ. ನನಗೆ ಖುಷಿಯೇ. ಆದರೆ ನಮ್ಮಲ್ಲಿ ಈ ಗಿಡಕ್ಕೆ ಬುಡ ಬಿಟ್ಟು ತುದಿಗೆ ನೀರು ಹಾಕುತ್ತಿದ್ದೇವೆ ಅನ್ನಿಸುತ್ತದೆ.

ಇದು ಹುಟ್ಟಿದ್ದು ಹೇಗೆ ನೋಡಿ. 1974ರ ಸೆಪ್ಟೆಂಬರ್ 25, ಅಮೆರಿಕದ ಸ್ಯಾನ್ ಡಿಯಾಗೊ. ಅಲ್ಲಿನ ಓಟಗಾರರ ಕ್ಲಬ್ಬಿನ ಜ್ಯಾಕ್ ಜಾನ್‌ಸ್ಟನ್, ಡಾನ್ ಶಾನಹನ್ ಸೇರಿ ಮಿಷನ್ ಬೇ ಎಂಬಲ್ಲಿ ಸ್ಪರ್ಧೆ ಇಟ್ಟರು. ಶುಲ್ಕ 1 ಡಾಲರ್, ಸೈಕಲ್ ನೀವೇ ತರಬೇಕು, ಅಷ್ಟೆ. ಬಂದವರು 46 ಜನ. ಕೆಲಸ ಮುಗಿಸಿ ಸಂಜೆ ಶುರು ಮಾಡಿದ್ದರಿಂದ ಕೊನೆಯವರು ಈಜುವಾಗ ಕತ್ತಲಾಗಿತ್ತು. ದಡದಲ್ಲಿ ಕಾರುಗಳನ್ನು ನಿಲ್ಲಿಸಿ, ಹೆಡ್‌ಲೈಟ್ ಹಾಕಿ ನೀರಿಗೆ ಬೆಳಕು ಬಿಟ್ಟರಂತೆ! ಅಂದು ಭಾಗವಹಿಸಿದ್ದ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಹೆಂಡತಿ ಜೂಡಿ ಮುಂದೆ ಹವಾಯಿಗೆ ಹೋದರು. ಅಲ್ಲಿ 1978ರಲ್ಲಿ ರೋಟ್‌ನಷ್ಟೇ ದೂರದ ಟ್ರಯಾಥ್ಲಾನ್, ಅಂದರೆ ಮೊದಲ ಐರನ್‌ಮ್ಯಾನ್ ನಡೆಸಿದರು. ಹೊರಟವರು 15, ಗುರಿ ಮುಟ್ಟಿದವರು 12. 1982ರಲ್ಲಿ ಜೂಲಿ ಮಾಸ್ ಎಂಬ ಹುಡುಗಿ ಗೆಲುವಿನ ಹತ್ತಿರ ಬಂದು ಕುಸಿದು, ತೆವಳಿಕೊಂಡೇ ಗೆರೆ ದಾಟಿದ್ದನ್ನು ಜನ ಟೀವಿಯಲ್ಲಿ ನೋಡಿದರು. ಆಟ ಮನೆಮಾತಾಯಿತು. 2000ದ ಸಿಡ್ನಿ ಒಲಿಂಪಿಕ್ಸ್‌ಗೂ ಬಂತು. ಆದರೆ ಅಲ್ಲಿ ದೂರ ಎಷ್ಟೋ ಕಡಿಮೆ: 1.5 ಕಿ.ಮೀ. ಈಜು, 40 ಸೈಕಲ್, 10 ಓಟ.

ನಮ್ಮವರು ಈ ಚಿಕ್ಕ ದೂರವನ್ನು ಲೆಕ್ಕಕ್ಕೇ ಇಡುವುದಿಲ್ಲ. ನೇರ ಐರನ್‌ಮ್ಯಾನ್ ಪದಕಕ್ಕೇ ಕೈ ಹಾಕುತ್ತಾರೆ. 2019ರಲ್ಲಿ ಗೋವಾದಲ್ಲಿ ಅರ್ಧ ಐರನ್‌ಮ್ಯಾನ್ ಶುರುವಾದ ಮೇಲಂತೂ ಮಾತೆಲ್ಲ ಲಕ್ಷದ ಸೈಕಲ್, ವಾಚು, ಕೋಚ್ ಸುತ್ತಲೇ. ನಲವತ್ತು ದಾಟಿದವರು ಹೊಸದಾಗಿ ಈಜು ಕಲಿತು ಸಮುದ್ರಕ್ಕೆ ಇಳಿಯುವುದು ಸಣ್ಣ ಮಾತಲ್ಲ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಅವರ ಮಕ್ಕಳು? ಅವರ ಬೀದಿಯ ಮಕ್ಕಳು?

ಇಲ್ಲಿ ಜರ್ಮನಿಯಲ್ಲಿ ಕಥೆ ಮಕ್ಕಳಿಂದಲೇ ಶುರು. ಐದಾರು ವರ್ಷದ ಮಗು ಕೊಳದ ಅಂಚಿನಿಂದ ಜಿಗಿದು 25 ಮೀಟರ್ ಈಜಬೇಕು, ನೀರಿನ ತಳಕ್ಕೆ ಹಾಕಿದ ವಸ್ತುವನ್ನು ಎತ್ತಿ ತರಬೇಕು. ಆಗ ಕಡಲ್ಗುದುರೆಯ ಬ್ಯಾಡ್ಜು ಸಿಗುತ್ತದೆ. ಅದನ್ನು ಅಮ್ಮಂದಿರು ಈಜುಡುಗೆಗೆ ಹೊಲಿದುಕೊಡುತ್ತಾರೆ. ಊರೂರಲ್ಲಿ ಕ್ಲಬ್ಬಿದೆ, ಮಕ್ಕಳಿಗೆ ಪುಟ್ಟ ಟ್ರಯಾಥ್ಲಾನ್ ಇದೆ. ರೋಟ್‌ನಲ್ಲಿ ಸ್ಪರ್ಧೆಯ ದಿನ ಊರಿಗೆ ಊರೇ ಕೆಲಸಕ್ಕೆ ನಿಲ್ಲುತ್ತದೆ. ನೀರಿನ ಲೋಟ ಕೊಡುವ ಸಾಲಿನಲ್ಲಿ ನಾನೂ ನಿಂತಿದ್ದೇನೆ. ಓಡುತ್ತಾ ಬರುವವರ ಕೈಗೆ ಲೋಟ ಸರಿಯಾಗಿ ಸಿಗಬೇಕು ಅಂದ್ರೆ ನಾವೂ ಅವರ ಜೊತೆ ನಾಲ್ಕು ಹೆಜ್ಜೆ ಓಡಬೇಕು. ಪಕ್ಕದಲ್ಲಿ ನಿಂತಿದ್ದ ಅಜ್ಜಿಗೆ ಇದೆಲ್ಲ ನೀರು ಕುಡಿದಷ್ಟು ಸುಲಭ.

ನಮಗೇನು ಕಡಿಮೆ, ಹೇಳಿ? ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ಸೈಕ್ಲಿಂಗ್‌ನಲ್ಲಿ ರಾಷ್ಟ್ರಮಟ್ಟದ ಪದಕ ತರುತ್ತಾರೆ. ಬೆಂಗಳೂರಿನ ಈಜುಕೊಳಗಳಿಂದ ಒಲಿಂಪಿಕ್ಸ್‌ಗೆ ಹೋದವರಿದ್ದಾರೆ. ಓಡುವ ಮಕ್ಕಳಂತೂ ಪ್ರತಿ ಶಾಲೆಯಲ್ಲೂ ಇದ್ದಾರೆ. ಈ ಮೂವರೂ ಒಂದೇ ಕಡೆ ಸೇರುವುದೇ ಅಪರೂಪ.

ರೋಟ್‌ನಲ್ಲಿ ರಿಲೇ ತಂಡಗಳೂ ಇರುತ್ತವೆ. ಈಜಿದವನು ಒದ್ದೆ ಮೈಯಲ್ಲೇ ಓಡಿ ಬಂದು, ಕಾಲಿಗೆ ಕಟ್ಟಿದ, ಸಮಯ ಅಳೆಯುವ ಚಿಪ್ ಬಿಚ್ಚಿ ಸೈಕಲ್ಲಿನವನಿಗೆ ಕೊಡುತ್ತಾನೆ. ಅವನು ಓಟಗಾರನಿಗೆ. ಒಬ್ಬರಿಗೇ ಮೂರೂ ಬರಬೇಕಿಲ್ಲ, ದುಬಾರಿ ಸೈಕಲ್ಲೂ ಬೇಕಿಲ್ಲ. ನಮ್ಮ ಜಿಲ್ಲಾ ಕ್ರೀಡಾಕೂಟಗಳಲ್ಲಿ ಇದನ್ನೇ ಮೊದಲು ಇಡಬಹುದಲ್ವಾ? ಜಿಲ್ಲಾ ಈಜುಕೊಳದಲ್ಲಿ 200 ಮೀಟರ್, ಶಾಲೆಗೆ ಹೋಗುವ ಸೈಕಲ್ಲಿನಲ್ಲೇ 5 ಕಿ.ಮೀ., ಕ್ರೀಡಾಂಗಣದಲ್ಲಿ 1 ಕಿ.ಮೀ. ಓಟ. ಗೋವಾಕ್ಕೆ ಹೋಗಿ ಬಂದ ನನ್ನ ಗೆಳೆಯರು ಆ ದಿನ ಲೋಟ ಹಿಡಿದು ನಿಲ್ಲಲಿ. ರಜೆಗೆ ಬಂದಾಗ ನಾನೂ ನಿಲ್ಲುತ್ತೇನೆ.