ಅತ್ತೆಯ ಆರೈಕೆ, ಸೊಸೆಯ ಟೈಮ್‌ಶೀಟು

ಅಮೆರಿಕದ ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ಕಾನೂನಿನ ಕಣ್ಣಿಗೆ ಸೊಸೆ ಹೊರಗಿನವಳು. ಬೇಜಾರು ಮಾಡಿಕೊಳ್ಳಬೇಡಿ, ಈ ಒಂದು ವಿಷಯದಲ್ಲಿ ಅದು ಅವಳಿಗೆ ಒಳ್ಳೆಯದೇ. ಹಾಸಿಗೆ ಹಿಡಿದ ಅತ್ತೆಗೆ ಸ್ನಾನ ಮಾಡಿಸಿ, ತುತ್ತು ತಿನ್ನಿಸಿ, ರಾತ್ರಿ ಎರಡು ಸಲ ಎದ್ದು ಬಾತ್‌ರೂಮಿಗೆ ಕೈ ಹಿಡಿದು ನಡೆಸುವ ಸೊಸೆಗೆ ಆ ಕಾನೂನು ಗಂಟೆ ಲೆಕ್ಕದಲ್ಲಿ ಸಂಬಳ ಕೊಡಬಹುದು ಅನ್ನುತ್ತದೆ. ನಮ್ಮ ಮನೆಗಳು ಮಾತ್ರ ಆ ಸಂಬಳದ ಅರ್ಜಿಯಲ್ಲಿ ಮಗನ ಹೆಸರು ಬರೆಯುತ್ತವೆ. ಕೆಲಸ ಅವಳದು, ಹೆಸರು ಇವನದು. ಇದು ಅನ್ಯಾಯ ಅನ್ನುವುದು ಒಂದು ಕಡೆ ಇರಲಿ, ನಿಯಮದ ಪ್ರಕಾರವೂ ತಪ್ಪು, ದುಡ್ಡಿನ ಲೆಕ್ಕದಲ್ಲೂ ದಡ್ಡತನ.

ಮೊದಲು ಗೆರೆ ಎಲ್ಲಿದೆ ನೋಡಿ. ಮೆಡಿಕೇಡ್ ಸಂಬಂಧಿಕರನ್ನು ಎರಡು ಗುಂಪು ಮಾಡುತ್ತದೆ. ಕಾನೂನಿನ ಪ್ರಕಾರವೇ ನೋಡಿಕೊಳ್ಳಬೇಕಾದವರು ಒಂದು ಗುಂಪು: ಗಂಡ ಅಥವಾ ಹೆಂಡತಿ, ಮತ್ತು 18 ತುಂಬದ ಮಗುವಿನ ಅಪ್ಪ-ಅಮ್ಮ. ಮಿಕ್ಕವರೆಲ್ಲ, ಅಂದರೆ ದೊಡ್ಡ ಮಕ್ಕಳು, ಸೊಸೆ, ಅಳಿಯ, ಮೊಮ್ಮಕ್ಕಳು, ತಂಗಿ, ಇನ್ನೊಂದು ಗುಂಪು. ಮೆಡಿಕೇಡಿನ ಮಾಮೂಲಿ ಪರ್ಸನಲ್ ಕೇರ್ ಸೇವೆಯಲ್ಲಿ ಮೊದಲ ಗುಂಪಿಗೆ ಹಣ ಕೊಡುವ ಹಾಗೇ ಇಲ್ಲ. 1981ರಲ್ಲಿ ಬಂದ 1915(ಸಿ) ವೇವರ್ ಇದೆಯಲ್ಲ, ನರ್ಸಿಂಗ್ ಹೋಮಿಗೆ ಕಳಿಸುವ ಬದಲು ಮನೆಯಲ್ಲೇ ಆರೈಕೆಗೆ ಹಣ ಕೊಡುವ ವ್ಯವಸ್ಥೆ, ಅದರಲ್ಲಿ ರಾಜ್ಯ ಒಪ್ಪಿದರೆ ಮೊದಲ ಗುಂಪಿಗೂ ಕೊಡಬಹುದು. ಆದರೆ ಅದು 'ಅಸಾಧಾರಣ ಆರೈಕೆ' ಆಗಿರಬೇಕು. ಮೂರು ವರ್ಷದ ಮಗುವಿಗೆ ಡೈಪರ್ ಬದಲಿಸುವುದು ಎಲ್ಲ ತಾಯಂದಿರೂ ಮಾಡುವುದೇ, ಅದಕ್ಕೆ ಹಣವಿಲ್ಲ. ಹನ್ನೊಂದು ವರ್ಷದ ಮಗುವಿಗೆ ಬದಲಿಸಬೇಕಾದರೆ ಅದು ಅಸಾಧಾರಣ. (ಅಂದಹಾಗೆ, ಇಲ್ಲಿ ನರ್ಸಿಂಗ್ ಹೋಮ್ ಅಂದರೆ ನಮ್ಮೂರಿನ ಹೆರಿಗೆ-ಆಪರೇಷನ್ನಿನ ಸಣ್ಣ ಆಸ್ಪತ್ರೆಯಲ್ಲ, ಕೈಲಾಗದವರು ವರ್ಷಗಟ್ಟಲೆ ಇರುವ ಜಾಗ.)

ನಿಯಮ ರಾಜ್ಯದಿಂದ ರಾಜ್ಯಕ್ಕೆ ಬದಲು. ಮನೆಯವರನ್ನೇ ಸಂಬಳಕ್ಕೆ ಇಟ್ಟುಕೊಳ್ಳಲು ಬಿಡುವ ಎರಡು ಮೆಡಿಕೇಡ್ ಯೋಜನೆ ನೋಡಿ. ನ್ಯೂಯಾರ್ಕಿನ ಸಿಡಿಪ್ಯಾಪ್‌ನಲ್ಲಿ ಗಂಡ-ಹೆಂಡತಿ ಒಬ್ಬರಿಗೊಬ್ಬರು ಸಂಬಳದ ಕೇರ್‌ಗಿವರ್ ಆಗುವಂತಿಲ್ಲ. ಕ್ಯಾಲಿಫೋರ್ನಿಯಾದ ಐಎಚ್‌ಎಸ್‌ಎಸ್‌ನಲ್ಲಿ ಆಗಬಹುದು, ಆದರೆ ಕೆಲವು ಕೆಲಸಗಳಿಗೆ ಮಾತ್ರ. ಇವೆರಡೂ ಹೆಸರಿಗೆ ವೇವರ್ ಅಲ್ಲದಿದ್ದರೂ ಸಂಬಂಧಿಕರ ವಿಷಯದಲ್ಲಿ ಏಳುವ ಪ್ರಶ್ನೆ ಒಂದೇ. ಕೋವಿಡ್ ಕಾಲದಲ್ಲಿ ಬಹಳ ರಾಜ್ಯಗಳು ಮೊದಲ ಗುಂಪಿಗೂ ಬಾಗಿಲು ತೆರೆದವು, ಆ ತಾತ್ಕಾಲಿಕ ಅನುಮತಿ 2023ರ ನವೆಂಬರ್ 11ಕ್ಕೆ ಮುಗಿಯಿತು. ಇಂಡಿಯಾನಾದಲ್ಲಿ ಮೆಡಿಕೇಡ್ ಬಜೆಟ್ಟಿನ ಅಂದಾಜು ಹೆಚ್ಚುಕಡಿಮೆ 100 ಕೋಟಿ ಡಾಲರಿನಷ್ಟು ತಪ್ಪಿತು ಅಂತ ಗೊತ್ತಾದ ಮೇಲೆ, 2024ರ ಜುಲೈನಿಂದ ಅಪ್ಪ-ಅಮ್ಮ ಮತ್ತು ಗಂಡ-ಹೆಂಡತಿಗೆ ಗಂಟೆ ಲೆಕ್ಕದ ಸಂಬಳ ನಿಲ್ಲಿಸಿದರು. ಕತ್ತರಿ ಆಡಿಸುವಾಗ ಮೊದಲು ಸಿಗುವವರು ಈ ಗುಂಪಿನವರೇ. ಸೊಸೆಯ ಕೆಲಸ ಅಷ್ಟರ ಮಟ್ಟಿಗೆ ಭದ್ರ.

ಇನ್ನು ಮಗನ ಹೆಸರು ಯಾಕೆ ಬೇಡ? ಕೇರ್‌ಗಿವರ್ ಅಂದರೆ ಉದ್ಯೋಗಿ. ಐ-9 ಫಾರಂ ತುಂಬಬೇಕು, ಅಂದರೆ ಕೆಲಸ ಮಾಡುವ ಪರವಾನಗಿ ಬೇಕು. ಎಚ್-1ಬಿ ಮೇಲಿರುವವನು ವೀಸಾ ಕೊಡಿಸಿದ ಕಂಪನಿ ಬಿಟ್ಟು ಬೇರೆಲ್ಲೂ ಸಂಬಳ ತೆಗೆದುಕೊಳ್ಳುವಂತಿಲ್ಲ, ಸ್ವಂತ ಅಮ್ಮನನ್ನು ನೋಡಿಕೊಂಡಿದ್ದಕ್ಕೂ ಇಲ್ಲ. ಆಟಿಸಂ ಇರುವ ಮಗುವಿನ ಅಪ್ಪನಿಗೂ ಇದೇ ಮಾತು. ಮಗು ಇಲ್ಲೇ ಹುಟ್ಟಿದ ಸಿಟಿಜನ್ ಆಗಿರಬಹುದು, ಅದಕ್ಕೆ ವೇವರ್ ಸಿಕ್ಕಿರಬಹುದು (ಬಹಳಷ್ಟು ವೇವರ್‌ಗಳಲ್ಲಿ ಅಪ್ಪ-ಅಮ್ಮನ ಆದಾಯ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಸಾಫ್ಟ್‌ವೇರ್ ಸಂಬಳದವರ ಮಗುವಿಗೂ ಸಿಗುತ್ತದೆ), ಆದರೂ ಸಂಬಳದ ಚೆಕ್ ಅಪ್ಪನ ಹೆಸರಿಗೆ ಬಂದರೆ ಅದು ಅನಧಿಕೃತ ಉದ್ಯೋಗ, ಮುಂದೆ ಗ್ರೀನ್ ಕಾರ್ಡಿಗೇ ಕುತ್ತು. ಎಚ್-4 (ಡಿಪೆಂಡೆಂಟ್ ವೀಸಾ) ಮೇಲಿರುವ ಹೆಂಡತಿಗೆ ಇಎಡಿ, ಅಂದರೆ ಕೆಲಸದ ಪರವಾನಗಿ ಕಾರ್ಡು, ಇದ್ದರೆ ಆಗುತ್ತದೆ, ಇಲ್ಲದಿದ್ದರೆ ಅವಳಿಗೂ ಇಲ್ಲ. ಮಗ ಸಿಟಿಜನ್ನೇ ಆಗಿದ್ದರೂ ಇನ್ನೊಂದು ತೊಡಕಿದೆ. ಅಮ್ಮನ ಪರವಾಗಿ ಸಹಿ ಹಾಕುವ ಪ್ರತಿನಿಧಿ ಸಾಮಾನ್ಯವಾಗಿ ಅವನೇ ಆಗಿರುತ್ತಾನೆ. ನ್ಯೂಯಾರ್ಕೂ ಸೇರಿ ಹಲವು ಕಡೆ ಟೈಮ್‌ಶೀಟಿಗೆ ಒಪ್ಪಿಗೆ ಕೊಡುವವನೇ ಸಂಬಳ ತೆಗೆದುಕೊಳ್ಳುವಂತಿಲ್ಲ. ಮಗ ಪ್ರತಿನಿಧಿಯಾಗಿ ಸಹಿ ಹಾಕಲಿ, ಕೆಲಸ ಮಾಡುವವಳು ಸಂಬಳ ತೆಗೆದುಕೊಳ್ಳಲಿ.

ಅತ್ತೆ-ಮಾವನ ಅರ್ಹತೆಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಇದಾವುದೂ ಇಲ್ಲ. ಗ್ರೀನ್ ಕಾರ್ಡ್ ಬಂದ ಮೇಲೂ ಹೆಚ್ಚಿನ ರಾಜ್ಯಗಳಲ್ಲಿ ಐದು ವರ್ಷ ಕಾಯಬೇಕು, 1996ರ ಕಾನೂನು ಅದು. ಅದರ ಮೇಲೆ 'ಇವರ ಹೊಣೆ ನನ್ನದು' ಅಂತ ನೀವು ಸ್ಪಾನ್ಸರ್ ಆಗಿ ಸಹಿ ಹಾಕಿದ ಐ-864 ಮುಚ್ಚಳಿಕೆ ಇದೆ, ಎಷ್ಟೋ ರಾಜ್ಯಗಳು ನಿಮ್ಮ ಆದಾಯವನ್ನೂ ಅವರ ಆದಾಯ ಅಂತ ಎಣಿಸುತ್ತವೆ. ಅವರು ಸಿಟಿಜನ್ ಆದರೆ ಈ ಎರಡೂ ತೊಡಕು ಹೋಗುತ್ತವೆ. ಆಸ್ತಿಯ ಮಿತಿ ಬಹಳ ರಾಜ್ಯಗಳಲ್ಲಿ ಒಬ್ಬರಿಗೆ 2,000 ಡಾಲರ್, ಕ್ಯಾಲಿಫೋರ್ನಿಯಾದಲ್ಲಿ 2026ರ ಜನವರಿಯಿಂದ 1,30,000. ಮೈಸೂರಿನ ಸೈಟು, ಊರಿನ ಬ್ಯಾಂಕಿನಲ್ಲಿರುವ ಎಫ್‌ಡಿ, ಇವೆಲ್ಲ ಅರ್ಜಿಯಲ್ಲಿ ತೋರಿಸಬೇಕು. 'ಇಂಡಿಯಾದ್ದು ಇವರಿಗೆ ಹೇಗೆ ಗೊತ್ತಾಗುತ್ತೆ' ಅನ್ನುವವರ ಸಲಹೆ ಕೇಳಬೇಡಿ. ಅದನ್ನು ಮಗನ ಹೆಸರಿಗೆ ಮಾಡಿ ಕೈತೊಳೆದುಕೊಳ್ಳೋಣ ಅಂದರೂ ಆಗದು, ಈ ಸೇವೆಗೆ ಹಿಂದಿನ ಐದು ವರ್ಷದ ದಾನಪತ್ರಗಳನ್ನೂ ನೋಡಬಹುದು.

ವಾರಕ್ಕೆ ಎಷ್ಟು ಗಂಟೆಯ ಆರೈಕೆಗೆ ಹಣ ಅಂತ ಲೆಕ್ಕ ಹಾಕುತ್ತಾರೆ. ಆ ಗಂಟೆಗಳನ್ನು ನಿಜವಾಗಿ ಗೆಲ್ಲುವುದು ಅಥವಾ ಸೋಲುವುದು ಒಂದೇ ದಿನ, ಅಸೆಸ್‌ಮೆಂಟಿನ ದಿನ. ನರ್ಸೋ ಸೋಷಿಯಲ್ ವರ್ಕರೋ ಮನೆಗೆ ಬರುತ್ತಾರೆ. ಅಜ್ಜಿ ಅವತ್ತು ಒಳ್ಳೆಯ ಸೀರೆ ಉಟ್ಟು, ಗೋಡೆ ಹಿಡಿದು ಹಾಲಿಗೆ ಬಂದು ನಮಸ್ಕಾರ ಮಾಡುತ್ತಾರೆ. 'ಸ್ನಾನ ನೀವೇ ಮಾಡ್ಕೋತೀರಾ?' ಅಂದರೆ 'ಅಯ್ಯೋ, ಎಲ್ಲಾ ನಾನೇ ಮಾಡ್ಕೋತೀನಮ್ಮಾ, ಯಾರಿಗೂ ತೊಂದ್ರೆ ಕೊಡಲ್ಲ' ಅನ್ನುತ್ತಾರೆ. ಆ ಸೀರೆಗೆ ನೆರಿಗೆ ಹಿಡಿದವಳು, ಬೆಳಿಗ್ಗೆ ಬೆನ್ನುಜ್ಜಿದವಳು ಪಕ್ಕದಲ್ಲೇ ಕಾಫಿ ಲೋಟ ಹಿಡಿದು ನಿಂತಿರುತ್ತಾಳೆ, ಅತ್ತೆಯ ಮಾನ ಕಳೆಯಬಾರದು ಅಂತ ಬಾಯಿ ಬಿಡುವುದಿಲ್ಲ. ಫಾರಂನಲ್ಲಿ 'ಸ್ವತಂತ್ರ' ಅಂತ ಟಿಕ್ ಬೀಳುತ್ತದೆ. ವಾರಕ್ಕೆ ಮೂರೂವರೆ ಗಂಟೆ ಹೋಯಿತು.

ಮೂರೂವರೆ ಎಲ್ಲಿಂದ ಬಂತು? ಕೈ ಹಿಡಿದು ಬಾತ್‌ರೂಮಿಗೆ ಕರೆದೊಯ್ಯುವುದು, ನೀರು ಹದ ಮಾಡುವುದು, ಕುರ್ಚಿಯಲ್ಲಿ ಕೂರಿಸುವುದು, ಬೆನ್ನು-ಕಾಲು ಉಜ್ಜುವುದು, ಎಬ್ಬಿಸಿ ಒರೆಸುವುದು: 30 ನಿಮಿಷ ಅನ್ನಿ. ಏಳು ದಿನಕ್ಕೆ 210 ನಿಮಿಷ. ಸೀರೆಯೋ ನೈಟಿಯೋ ತೊಡಿಸುವುದು, ತಲೆಗೆ ಎಣ್ಣೆ ಹಚ್ಚಿ ಬಾಚುವುದು ಬೇರೆ ಬೇರೆ ಬಾಬತ್ತು. ಆದ್ದರಿಂದ ಅವರು ಬರುವ ಮುಂಚಿನ ಏಳು ದಿನ ಒಂದು ನೋಟ್‌ಬುಕ್ಕಿನಲ್ಲಿ ಸಮಯ ಸಮೇತ ಬರೆದಿಡಿ: ಎಷ್ಟು ಸಲ ಎಬ್ಬಿಸಿದಿರಿ, ರಾತ್ರಿ ಎಷ್ಟು ಹೊತ್ತಿಗೆ, ಯಾವಾಗ ಬಿದ್ದರು, ಯಾವ ದಿನ ಬಟ್ಟೆಯಲ್ಲೇ ಆಯಿತು. ಚೆನ್ನಾಗಿದ್ದ ದಿನದ ಲೆಕ್ಕ ಮಾತ್ರ ಹೇಳಬೇಡಿ, ಕೆಟ್ಟ ದಿನದ್ದೂ ಹೇಳಿ. ಅಜ್ಜಿಯ ಎದುರು ಹೇಳಲು ಸಂಕೋಚವಾದರೆ ನೋಟ್‌ಬುಕ್ ಕೈಗೆ ಕೊಡಿ, ಇಲ್ಲವೇ ಬಾಗಿಲ ತನಕ ಹೋಗಿ ಮಾತಾಡಿ. ಕನ್ನಡದ ದುಭಾಷಿ ಬೇಕು ಅಂತ ಮುಂಚೆಯೇ ಕೇಳಿ, ಅದಕ್ಕೆ ನೀವು ದುಡ್ಡು ಕೊಡಬೇಕಿಲ್ಲ. 'ಇಂಡಿಯನ್' ಅಂದ ಕೂಡಲೇ ಹಿಂದಿಯವರನ್ನು ಲೈನಿಗೆ ಹಾಕುವುದುಂಟು.

ಅಡುಗೆಯಲ್ಲಿ ಒಂದು ಸೂಕ್ಷ್ಮವಿದೆ. ಮನೆಮಂದಿಗೆಲ್ಲ ಮಾಡುವ ಸಾರಿನಲ್ಲಿ ಅಜ್ಜಿಯ ಪಾಲು ಎಷ್ಟೋ ಅಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಅವರಿಗೆ ಅಂತಲೇ ಉಪ್ಪು ಕಡಿಮೆ ಮಾಡಿ, ಮಿಕ್ಸಿಯಲ್ಲಿ ತಿರುವಿ ಗಂಜಿ ಮಾಡುತ್ತಿದ್ದರೆ ಅದನ್ನು ಬಿಡಿಸಿ ಹೇಳಬೇಕು. ಇನ್ನು 'ರಾತ್ರಿ ಹೇಗೂ ನಾವೇ ನೋಡ್ಕೋತೀವಿ' ಅನ್ನುವ ಧಾರಾಳದ ಮಾತು ಬೇಡ. ಪುಕ್ಕಟೆ ಸಹಾಯ ಇದೆ ಅಂತ ಬರೆದುಕೊಂಡು ಅಷ್ಟು ಗಂಟೆ ಕಡಿಮೆ ಮಾಡುತ್ತಾರೆ. ಕುಟುಂಬದ ಪುಕ್ಕಟೆ ಸಹಾಯ ಸ್ವಇಚ್ಛೆಯಿಂದ ಆಗಿರಬೇಕು ಅಂತ ವೇವರ್ ನಿಯಮದಲ್ಲೇ ಇದೆ, ಸೊಸೆಯನ್ನು ಕೇಳದೆ ಅದನ್ನು ಒಪ್ಪಿಕೊಳ್ಳುವ ಹಕ್ಕು ಮಗನಿಗೂ ಇಲ್ಲ. ಇದ್ದ ಗಂಟೆ ಕಡಿಮೆ ಮಾಡಿದ್ದೇವೆ ಅಂತ ಪತ್ರ ಬಂದರೆ, ಜಾರಿಗೆ ಬರುವ ತಾರೀಖಿನ ಒಳಗೇ ಫೇರ್ ಹಿಯರಿಂಗ್ (ಮೇಲ್ಮನವಿಯ ವಿಚಾರಣೆ) ಕೇಳಿ. ಹಾಗೆ ಕೇಳಿದರೆ ತೀರ್ಪು ಬರುವ ತನಕ ಸಾಮಾನ್ಯವಾಗಿ ಹಳೆಯ ಗಂಟೆಗಳೇ ಮುಂದುವರಿಯುತ್ತವೆ. ಪತ್ರವನ್ನು ಫ್ರಿಜ್ಜಿನ ಮೇಲಿಟ್ಟು ಮರೆತರೆ ಆ ರಕ್ಷಣೆ ಹೋಯಿತು.

ಈಗ ಸೊಸೆಯ ಹೆಸರಿಗೇ ಬರೆಸುವುದರ ಲಾಭ. ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನ 2014-7 ನೋಟಿಸಿನ ಪ್ರಕಾರ, ಆರೈಕೆ ಪಡೆಯುವವರೂ ಕೇರ್‌ಗಿವರೂ ಒಂದೇ ಮನೆಯಲ್ಲಿ ವಾಸವಿದ್ದರೆ ಮೆಡಿಕೇಡ್ ವೇವರ್ ಸಂಬಳಕ್ಕೆ ಫೆಡರಲ್ ಆದಾಯ ತೆರಿಗೆ ಇಲ್ಲ. ಅತ್ತೆ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದು ನೀವು ಹೋಗಿ ಬಂದು ಮಾಡಿದರೆ ತೆರಿಗೆ ಇದೆ. ಐಎಚ್‌ಎಸ್‌ಎಸ್‌ನಲ್ಲಿ ಇದಕ್ಕೆ ಎಸ್‌ಒಸಿ 2298 ಅನ್ನುವ ಫಾರಂ ಕೊಡಬೇಕು. ವರ್ಷದ ಸಂಬಳದ ಲೆಕ್ಕ ತೋರಿಸುವ ಡಬ್ಲ್ಯು-2ದ ಮೊದಲ ಪೆಟ್ಟಿಗೆಯಲ್ಲಿ ಮೊತ್ತ ಬಂದುಬಿಟ್ಟಿದ್ದರೆ ಗಾಬರಿ ಬೇಡ, ತೆರಿಗೆ ರಿಟರ್ನಿನ ಶೆಡ್ಯೂಲ್ 1ರ 8ಎಸ್ ಸಾಲಿನಲ್ಲಿ ಕಳೆಯಬಹುದು.

ಆದರೆ ಆದಾಯ ತೆರಿಗೆ ಬೇರೆ, ಸರ್ಕಾರಿ ಪಿಂಚಣಿಗೆ ಹೋಗುವ ಸೋಷಿಯಲ್ ಸೆಕ್ಯುರಿಟಿ ಕಡಿತ ಬೇರೆ. ಆರೈಕೆ ಪಡೆಯುವವರೇ ಮಾಲೀಕರಾಗಿರುವ ಪದ್ಧತಿಯಲ್ಲಿ, ಗಂಡನನ್ನು ನೋಡಿಕೊಳ್ಳುವ ಹೆಂಡತಿಗೆ, ಮಗುವನ್ನು ನೋಡಿಕೊಳ್ಳುವ ತಾಯಿಗೆ ಆ ಕಡಿತವೇ ಇಲ್ಲ. ಕೈಗೆ ನಾಲ್ಕು ಕಾಸು ಜಾಸ್ತಿ ಬರುತ್ತದೆ, ಮುಂದಿನ ಪಿಂಚಣಿಗೆ ಮಾತ್ರ ಒಂದು ಕ್ರೆಡಿಟ್ಟೂ ಜಮೆಯಾಗದು. ಸೊಸೆ ಈ ವಿನಾಯಿತಿಯಲ್ಲಿ ಬರುವುದಿಲ್ಲ, ಅವಳ ಸಂಬಳದಿಂದ ಕಡಿಯುತ್ತಾರೆ. ಕಡಿಯಲಿ ಬಿಡಿ. 2026ರಲ್ಲಿ 1,890 ಡಾಲರ್ ದುಡಿದರೆ ಒಂದು ಕ್ರೆಡಿಟ್, ವರ್ಷಕ್ಕೆ ಹೆಚ್ಚೆಂದರೆ ನಾಲ್ಕು. ಹತ್ತು ವರ್ಷದಲ್ಲಿ 40 ಆದರೆ ಅವಳಿಗೆ ತನ್ನದೇ ಪಿಂಚಣಿ, ತನ್ನದೇ ಮೆಡಿಕೇರ್ (ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ). ಡಿಪೆಂಡೆಂಟ್ ವೀಸಾದಲ್ಲಿ ಬಂದು ವರ್ಷಗಟ್ಟಲೆ ಮನೆಯಲ್ಲೇ ಉಳಿದವಳಿಗೆ ಇದು ಸಣ್ಣ ಮಾತಲ್ಲ. ಚೆನ್ನಾಗಿ ಸಂಪಾದಿಸುವ ಮಗನಿಗೆ ಆ ಕ್ರೆಡಿಟ್‌ಗಳು ಕಂಪನಿಯಿಂದಲೇ ತುಂಬಿರುತ್ತವೆ.

ಎಡವುವುದು ಎಲ್ಲಿ ಅಂದರೆ ಟೈಮ್‌ಶೀಟಿನಲ್ಲಿ. ಎಲೆಕ್ಟ್ರಾನಿಕ್ ವಿಸಿಟ್ ವೆರಿಫಿಕೇಶನ್ ಅಂತ ಫೋನಿನಲ್ಲಿ ಒತ್ತುವುದಿದೆಯಲ್ಲ, ಅದು ಯಾವ ಸೇವೆ, ಯಾರಿಗೆ, ಯಾರಿಂದ, ಯಾವ ದಿನ, ಎಲ್ಲಿ, ಎಷ್ಟರಿಂದ ಎಷ್ಟರವರೆಗೆ ಅನ್ನುವ ಆರು ವಿಷಯ ದಾಖಲಿಸುತ್ತದೆ. ಜೊತೆಯಲ್ಲೇ ವಾಸಿಸುವವರಿಗೆ ಕೆಲವು ರಾಜ್ಯಗಳಲ್ಲಿ ವಿನಾಯಿತಿ ಇದೆ. ಅತ್ತೆ ಆಸ್ಪತ್ರೆಯಲ್ಲಿದ್ದ ದಿನಗಳಿಗೆ ಅಭ್ಯಾಸಬಲದಿಂದ ಗಂಟೆ ತುಂಬಬೇಡಿ. ಪಕ್ಕದಲ್ಲೇ ಕೂತು ರಾತ್ರಿಯೆಲ್ಲ ಕಾದಿರಬಹುದು, ಆದರೂ ಆಸ್ಪತ್ರೆಯ ಬಿಲ್ಲೂ ನಿಮ್ಮ ಟೈಮ್‌ಶೀಟೂ ಒಂದೇ ಮೆಡಿಕೇಡಿಗೆ ಹೋದಾಗ ಎರಡನ್ನೂ ತಾಳೆ ನೋಡುವುದು ಕಂಪ್ಯೂಟರಿಗೆ ಕಷ್ಟವಲ್ಲ. ಇಂಡಿಯಾಕ್ಕೆ ಹೋದಾಗಲೂ ಹಾಗೇ. ಅತ್ತೆಯ ಜೊತೆ ಹೋಗಿ ಹಾಸನದಲ್ಲಿ ಮಾಡಿದ ಆರೈಕೆಗೆ ಹಣವಿಲ್ಲ. ಅತ್ತೆ ಎಸ್‌ಎಸ್‌ಐ (ಆದಾಯವಿಲ್ಲದ ವೃದ್ಧರಿಗೆ ಸರ್ಕಾರ ಕೊಡುವ ಮಾಸಿಕ ನೆರವು) ಪಡೆಯುತ್ತಿದ್ದರೆ 30 ದಿನ ದೇಶದ ಹೊರಗಿದ್ದ ಕೂಡಲೇ ಅದೂ ನಿಲ್ಲುತ್ತದೆ, ಆರು ತಿಂಗಳು ಅಲ್ಲೇ ಉಳಿದರೆ ರಾಜ್ಯದ ನಿವಾಸಿ ಹೌದೋ ಅಲ್ಲವೋ ಅನ್ನುವ ಪ್ರಶ್ನೆಯೇ ಏಳುತ್ತದೆ. ಸೊಸೆಯೊಬ್ಬಳೇ ತವರಿಗೆ ಹೋಗುವುದಾದರೆ ಮುಂಚೆಯೇ ಇನ್ನೊಬ್ಬರನ್ನು ಬದಲಿ ಕೇರ್‌ಗಿವರ್ ಆಗಿ ನೋಂದಾಯಿಸಿಡಿ, ಬೆರಳಚ್ಚು, ಹಿನ್ನೆಲೆ ಪರಿಶೀಲನೆ ಎಲ್ಲ ಮುಗಿಯಲು ವಾರಗಳೇ ಬೇಕಾದೀತು. ಟಿಕೆಟ್ ಬುಕ್ ಮಾಡುವ ದಿನವೇ ಆ ಫಾರಂ ಕೂಡ ಕಳಿಸಿ.