ಗೊಣಗುವ ಹಕ್ಕು ಹಾಕಿಕೊಂಡವರಿಗೆ ಮಾತ್ರ

ಬೈಕ್ ಓಡಿಸುವವರು ಹೆಲ್ಮೆಟ್ ಹಾಕಬೇಕಾ ಬೇಡವಾ ಅಂತ ಯಾರಾದರೂ ಚರ್ಚೆ ತೆಗೆದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ನಿಮ್ಮ ಹೆಲ್ಮೆಟ್ ಈಗ ಎಲ್ಲಿದೆ?

ಯಾಕಂದ್ರೆ ಹೆಲ್ಮೆಟ್ ಇಲ್ಲ ಅನ್ನುವವರು ಈಗ ಕಡಿಮೆ. ಅದು ಎಲ್ಲಿರುತ್ತದೆ ಅನ್ನುವುದೇ ತಕರಾರು. ಕೆಲವರದ್ದು ಪೆಟ್ರೋಲ್ ಟ್ಯಾಂಕಿನ ಮೇಲೆ ಆರಾಮಾಗಿ ಕೂತಿರುತ್ತದೆ. ಕೆಲವರದ್ದು ಕನ್ನಡಿಗೆ ನೇತಾಡುತ್ತಿರುತ್ತದೆ. ಕೆಲವರದ್ದು ಹಿಂದೆ ಕೂತವರ ತೊಡೆಯ ಮೇಲೆ ಅಂಗಾತ ಮಲಗಿ, ಹೊಟ್ಟೆಯಲ್ಲಿ ಮೊಬೈಲು, ಬೀಗದ ಕೈ, ಒಂದು ನೀರಿನ ಬಾಟಲಿ ಇಟ್ಟುಕೊಂಡಿರುತ್ತದೆ. ಮೊಣಕೈಗೆ ಸಿಕ್ಕಿಸಿಕೊಂಡು ಹೋಗುವವರದ್ದಂತೂ ದೊಡ್ಡ ಪಂಗಡ. ಪೊಲೀಸ್ ಕಂಡ ತಕ್ಷಣ ಮೊಣಕೈಯಿಂದ ತಲೆಗೆ, ಪೊಲೀಸ್ ದಾಟಿದ ತಕ್ಷಣ ತಲೆಯಿಂದ ಮೊಣಕೈಗೆ. ಈ ಕಸರತ್ತನ್ನು ಒಂದೇ ಕೈಯಲ್ಲಿ, ಚಲಿಸುವ ಬೈಕಿನ ಮೇಲೆ ಮಾಡುವವರಿದ್ದಾರೆ. ಇಷ್ಟು ಕಷ್ಟಪಡುವ ಬದಲು ಸುಮ್ನೆ ಹಾಕಿಕೊಂಡೇ ಹೋಗಬಹುದಲ್ಲ ಅಂತ ನನಗೆ ಅನ್ನಿಸುತ್ತದೆ. ಆದರೆ ಅವರ ಮೊಣಕೈಯಷ್ಟು ಸುರಕ್ಷಿತವಾದ ಮೊಣಕೈ ಬೇರೆ ಯಾರಿಗೂ ಇಲ್ಲ ಅನ್ನುವುದನ್ನು ಒಪ್ಪಬೇಕು.

ತಮಾಷೆ ಏನೆಂದರೆ ಹೆಲ್ಮೆಟ್ ಬಗ್ಗೆ ಅತಿ ಜಾಸ್ತಿ ಗೊಣಗುವವರೂ ಇವರೇ. ಸೆಕೆ ಆಗುತ್ತೆ, ಕೂದಲು ಉದುರುತ್ತೆ, ಪಕ್ಕದಲ್ಲಿ ಬರೋದು ಕಾಣಲ್ಲ, ಹಾರ್ನ್ ಕೇಳಿಸಲ್ಲ. ಮೊಣಕೈಗೆ ಎಂಥ ಸೆಕೆ ಸ್ವಾಮಿ? ಟ್ಯಾಂಕಿಗೆ ಯಾವ ಕೂದಲು?

ಹೆಲ್ಮೆಟ್ ಒಂದು ಹಿಂಸೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಬಗ್ಗೆ ಗೊಣಗುವ ಹಕ್ಕು ಅದನ್ನು ತಲೆಗೆ ಹಾಕಿ, ಗದ್ದದ ಕೆಳಗೆ ಪಟ್ಟಿ ಬಿಗಿದುಕೊಂಡವರಿಗೆ ಮಾತ್ರ. ಆ ಹಕ್ಕನ್ನು ನಾನು ಸಂಪಾದಿಸಿಕೊಂಡಿದ್ದೇನೆ. ಈಗ ಚಲಾಯಿಸುತ್ತೇನೆ.

ಮೊದಲು ಕನ್ನಡಕದ ವಿಷಯ. ನನ್ನದು ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್. ಕನ್ನಡಕ ಹಾಕಿಕೊಂಡು ಅದರೊಳಗೆ ತಲೆ ತೂರಿಸೋಕೆ ಆಗಲ್ಲ. ಕನ್ನಡಕ ತೆಗೆದರೆ ಹೆಲ್ಮೆಟ್ಟಿನ ಪಟ್ಟಿ ಕಾಣಲ್ಲ. ಹಾಗಾಗಿ ಕುರುಡಾಗಿ ತಲೆ ತೂರಿಸಿ, ಕುರುಡಾಗಿ ಪಟ್ಟಿ ಹಾಕಿ, ಆಮೇಲೆ ಕನ್ನಡಕದ ಕಡ್ಡಿಗಳನ್ನು ಕಪೋಲದ ಮೆತ್ತೆಗೂ ಕೆನ್ನೆಗೂ ನಡುವೆ ತಳ್ಳಬೇಕು. ಬಲಗಡೆ ಕಡ್ಡಿ ಮರ್ಯಾದೆಯಾಗಿ ಕಿವಿಯ ಮೇಲೆ ಹೋಗಿ ಕೂರುತ್ತದೆ. ಎಡಗಡೆಯದು ಮಾತ್ರ ದಿನಾ ದಾರಿ ತಪ್ಪುತ್ತದೆ. ಕಿವಿ ಬಿಟ್ಟು ಮೇಲಕ್ಕೆ ಏರಿ ಎಲ್ಲೋ ತಲೆಬುರುಡೆಗೆ ಚುಚ್ಚಿಕೊಂಡು ನಿಲ್ಲುತ್ತದೆ. ಕನ್ನಡಕ ಓರೆಯಾಗುತ್ತದೆ. ರಸ್ತೆಯೂ ಓರೆಯಾಗುತ್ತದೆ. ಬೈಕನ್ನು ನೆಟ್ಟಗೆ ನಿಲ್ಲಿಸಿ ಸರಿಮಾಡಿಕೊಳ್ಳೋಣ ಅಂದರೆ ನೆಟ್ಟಗೆ ಅಂದರೆ ಯಾವ ಕಡೆ ಅಂತಲೇ ಗೊತ್ತಾಗಲ್ಲ.

ಆಮೇಲೆ ಮೂಗು. ಮನೆಯಲ್ಲಿ ಇಡೀ ದಿನ ಇದ್ದರೂ ಮೂಗಿನ ತುದಿ ತುರಿಸಲ್ಲ. ಪಟ್ಟಿ 'ಟಕ್' ಅಂತ ಬಿಗಿಯುವುದನ್ನೇ ಕಾಯುತ್ತಿರುತ್ತದೆ. ಕೈಗವಸಿನ ದಪ್ಪ ಬೆರಳು ಗಾಜಿನ ಕೆಳಗಿನ ಸಂದಿಯಲ್ಲಿ ತೂರಲ್ಲ. ಗಾಜು ಎತ್ತಿದರೆ ಕಣ್ಣಿಗೆ ಧೂಳು. ಕೊನೆಗೆ ಮೇಲ್ದುಟಿಯನ್ನು ಎಡಕ್ಕೂ ಬಲಕ್ಕೂ ಎಳೆದಾಡಿ, ಮೂಗನ್ನು ಅದರ ಪಾಡಿಗೆ ಅದೇ ತುರಿಸಿಕೊಳ್ಳುವಂತೆ ಮಾಡಬೇಕು. ಸಿಗ್ನಲ್‌ನಲ್ಲಿ ಪಕ್ಕದ ಆಟೋದಲ್ಲಿದ್ದ ಮಗು ಒಂದು ಸಲ ನನ್ನ ಈ ಮುಖ ನೋಡಿ ಗಟ್ಟಿಯಾಗಿ ಅಳೋಕೆ ಶುರುಮಾಡಿತು.

ಸೀನು ಬಂದರಂತೂ ದೇವರೇ ಗತಿ. ಗಾಜು ಮುಚ್ಚಿದ ಹೆಲ್ಮೆಟ್ಟಿನೊಳಗೆ ಒಂದು ಸೀನು ಸೀನಿದರೆ ಆಮೇಲಿನ ದಾರಿಯನ್ನು ಹನಿಗಳ ನಡುವಿನ ಜಾಗದಿಂದ ನೋಡಿಕೊಂಡು ಹೋಗಬೇಕು. ವಿವರ ಬೇಡ ಬಿಡಿ.

ಇಷ್ಟೆಲ್ಲ ಆದಮೇಲೂ ಯಾಕೆ ಹಾಕ್ತೀಯ ಅಂತ ನಮ್ಮ ಮಾವ ಕೇಳುತ್ತಾರೆ. ಅವರು ಮೊಣಕೈ ಪಂಗಡದ ಹಿರಿಯ ಸದಸ್ಯರು. "ಹಣೆಯಲ್ಲಿ ಬರೆದಿದ್ದರೆ ಯಾರು ತಪ್ಪಿಸೋಕಾಗುತ್ತಯ್ಯಾ?" ಅನ್ನುವುದು ಅವರ ಖಾಯಂ ಮಾತು. "ಬರೆದಿರೋದು ಅಳಿಸಿಹೋಗದ ಹಾಗೆ ಆ ಹಣೆಯನ್ನಾದರೂ ಮುಚ್ಚಿಕೊಳ್ಳಿ ಮಾವ" ಅಂದರೆ ಸಿಟ್ಟು ಮಾಡಿಕೊಳ್ಳುತ್ತಾರೆ. ಅವರ ಎರಡನೇ ಮಾತು, "ನಾನೇನು ದೂರ ಹೋಗ್ತೀನಾ? ಇಲ್ಲೇ, ಮುಂದಿನ ರಸ್ತೆ."

ಈ 'ಇಲ್ಲೇ' ಅನ್ನುವುದರ ಲೆಕ್ಕ ಹೈಸ್ಕೂಲ್ ಫಿಸಿಕ್ಸ್ ಓದಿದವರಿಗೆ ಗೊತ್ತು. ಬೈಕ್ ಓಡಲೇಬೇಕು ಅಂತಿಲ್ಲ. ನಿಂತಲ್ಲೇ ಕಾಲು ಜಾರಿ ಪಕ್ಕಕ್ಕೆ ಉರುಳಿದರೂ, ಒಂದೂವರೆ ಮೀಟರ್ ಎತ್ತರದಿಂದ ಬರುವ ತಲೆ ನೆಲ ಮುಟ್ಟುವಾಗ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿರುತ್ತದೆ. ಮುಂದಿನ ರಸ್ತೆ, ಹಿಂದಿನ ರಸ್ತೆ ಅಂತ ಗುರುತ್ವಾಕರ್ಷಣೆ ನೋಡಲ್ಲ. ಮಾವ ಇದನ್ನು ಕೇಳಿ, "ನನ್ನ ತಲೆ ಗಟ್ಟಿ" ಅಂದರು. ತಲೆ ಗಟ್ಟಿ ಇದೆ ಅಂತ ಬಂಡೆಗೆ ಹಾಯಬಾರದು ಅಂತ ಹಿರಿಯರು ಯಾರ ಮಾವನನ್ನು ನೋಡಿ ಹೇಳಿದ್ದರೋ.

ಒಂದು ಸಲ ನನ್ನ ಹಳೇ ಹೆಲ್ಮೆಟ್ಟಿನ ಒಳಗಿನ ಬಟ್ಟೆಯನ್ನು ಒಗೆಯೋಕೆ ಅಂತ ಬಿಚ್ಚಿದ್ದೆ. ಮಾವ ಬಂದು ಒಳಗೆ ಬೆರಳಿಂದ ಕೆರೆದು ನೋಡಿ ಕೂಗಿದರು, "ಏನೋ ಇದು, ಥರ್ಮೋಕೋಲ್! ಟೀವಿ ಡಬ್ಬದಲ್ಲಿ ಬರೋದು! ಇದನ್ನ ನಂಬಿಕೊಂಡು ಓಡಾಡ್ತಾ ಇದೀಯಾ?" ಹೌದು, ಬಹುಪಾಲು ಹೆಲ್ಮೆಟ್ಟುಗಳ ಒಳಗೆ ಇರುವುದು ಅದೇ ಜಾತಿಯ ವಸ್ತು, ಇನ್ನೂ ಒತ್ತಾಗಿ ಮಾಡಿದ್ದು. ಹೊರಗಿನ ಗಟ್ಟಿ ಚಿಪ್ಪು ಮುಖ್ಯ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಏಟು ತಿನ್ನುವ ಕೆಲಸದ ಬಹುಪಾಲು ಈ ಥರ್ಮೋಕೋಲಿನದು. ತಲೆ ನೇರ ರಸ್ತೆಗೆ ಬಡಿದರೆ ಕೆಲವೇ ಮಿಲಿಮೀಟರಿನಲ್ಲಿ ನಿಲ್ಲಬೇಕು. ನಡುವೆ ಇದು ಇದ್ದರೆ ಇದು ಜಜ್ಜಿಹೋಗುತ್ತಾ ತಲೆಗೆ ಎರಡು ಮೂರು ಸೆಂಟಿಮೀಟರ್ ಜಾಗ ಕೊಡುತ್ತದೆ. ಅಷ್ಟೇ ವ್ಯತ್ಯಾಸ. ಅಷ್ಟರಲ್ಲೇ ಎಲ್ಲ ಇರೋದು. ಹೀಗೆ ಒಳಗೆ ಜಜ್ಜಿಸಿಕೊಳ್ಳುವ ಪದರ ಇರುವ ಹೆಲ್ಮೆಟ್ಟಿಗೆ ಅಮೆರಿಕದ ಲೊಂಬಾರ್ಡ್ ಎಂಬ ಪ್ರೊಫೆಸರ್ ಪೇಟೆಂಟ್ ಪಡೆದದ್ದು 1953ರಲ್ಲಿ.

ಜಜ್ಜಿದ ಥರ್ಮೋಕೋಲ್ ಮತ್ತೆ ಉಬ್ಬಲ್ಲ. ಹಾಗಾಗಿ ಒಂದು ಸಲ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಎಷ್ಟೇ ಹೊಳೆಯಲಿ, ಅದರ ಕತೆ ಮುಗಿಯಿತು. ಕನ್ನಡಿಗೆ ಸಿಕ್ಕಿಸಬಾರದು ಅನ್ನುವುದೂ ಇದಕ್ಕೇ. ಕನ್ನಡಿಯ ತುದಿ ಒಳಗಿನ ಪದರವನ್ನು ಒತ್ತಿ ಒತ್ತಿ ಗುಳಿ ಮಾಡುತ್ತದೆ. ಜೊತೆಗೆ ಕನ್ನಡಿಗೆ ಸಿಕ್ಕಿಸಿದ ಹೆಲ್ಮೆಟ್ ಒಂದಲ್ಲ ಒಂದು ದಿನ ಉರುಳುತ್ತದೆ. ಒಮ್ಮೆ ಇಳಿಜಾರಿನಲ್ಲಿ ಬೈಕ್ ನಿಲ್ಲಿಸಿದ್ದಾಗ ನನ್ನದು ಹಾಗೆ ಉರುಳಿತು. ನಾನು ಹಿಂದೆ ಓಡಿದೆ. ಅದು ನೆಟ್ಟಗೆ ಹೋಗಲಿಲ್ಲ. ಗದ್ದದ ಭಾಗ ನೆಲಕ್ಕೆ ತಾಗಿದಾಗೆಲ್ಲ ದಿಕ್ಕು ಬದಲಾಯಿಸಿ, ನಾನು ಬಗ್ಗಿದ ಕಡೆ ಬಿಟ್ಟು ಇನ್ನೊಂದು ಕಡೆ ಹಾರುತ್ತಿತ್ತು. ನೋಡುತ್ತಿದ್ದವರಲ್ಲಿ ಒಬ್ಬರೂ ಹಿಡಿಯಲಿಲ್ಲ. ಎಲ್ಲರೂ ದಾರಿ ಬಿಟ್ಟುಕೊಟ್ಟರು. ಅಷ್ಟು ಗೌರವ ನಾನು ಬೈಕ್ ಮೇಲೆ ಹೋಗುವಾಗ ಯಾರೂ ಕೊಟ್ಟಿಲ್ಲ.

ಮಾವನಿಗೆ ಲಾರೆನ್ಸ್ ಕತೆಯನ್ನೂ ಹೇಳಿ ನೋಡಿದ್ದೇನೆ. 'ಲಾರೆನ್ಸ್ ಆಫ್ ಅರೇಬಿಯಾ' ಅಂತ ಹೆಸರಾದ ಟಿ. ಇ. ಲಾರೆನ್ಸ್. ಮೊದಲ ಮಹಾಯುದ್ಧದಲ್ಲಿ ಮರುಭೂಮಿ ಸುತ್ತಿ ಬದುಕಿ ಬಂದ ಮನುಷ್ಯ. 1935ರ ಮೇ ತಿಂಗಳಲ್ಲಿ, ಇಂಗ್ಲೆಂಡಿನಲ್ಲಿ ತನ್ನ ಮನೆಯ ಹತ್ತಿರವೇ, ದಾರಿಯಲ್ಲಿ ಸಿಕ್ಕ ಇಬ್ಬರು ಸೈಕಲ್ ಹುಡುಗರನ್ನು ತಪ್ಪಿಸೋಕೆ ಹೋಗಿ ಬೈಕಿನಿಂದ ಬಿದ್ದ. ತಲೆಗೆ ಪೆಟ್ಟು. ಆರು ದಿನ ಎಚ್ಚರವಿಲ್ಲದೆ ಇದ್ದು ತೀರಿಕೊಂಡ. ಅವನೂ 'ಇಲ್ಲೇ' ಹೋಗಿದ್ದವನು. ಅವನನ್ನು ನೋಡಿದ ಡಾಕ್ಟರುಗಳಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಸರ್ಜನ್ ಇದ್ದರು. ಅವರು ಅಲ್ಲಿಗೇ ಬಿಡಲಿಲ್ಲ. ಯುದ್ಧದ ಕಾಲದಲ್ಲಿ ಬೈಕಿನಿಂದ ಬಿದ್ದು ಬಂದವರ ತಲೆಗಳನ್ನು ನೋಡುತ್ತಾ ಹೋದರು, 1941ರಲ್ಲಿ ಹೆಲ್ಮೆಟ್ ಬೇಕು ಅಂತ ಬರೆದರು. ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಆಗಲೇ ಕಡ್ಡಾಯ ಮಾಡಿತು. ಬ್ರಿಟನ್ನಿನ ಜನಸಾಮಾನ್ಯರಿಗೆ ಕಡ್ಡಾಯ ಆದದ್ದು 1973ರಲ್ಲಿ. ಸರ್ಜನ್ ಬರೆದದ್ದು ಜನರ ತಲೆಗೆ ಹೋಗೋಕೆ 32 ವರ್ಷ ಬೇಕಾಯಿತು. ನಮ್ಮ ಮಾವನ ಮೇಲೆ ನನಗೆ ಇನ್ನೂ ಭರವಸೆ ಇದೆ.

"ನನ್ನ ತಲೆ, ನನ್ನ ಇಷ್ಟ" ಅನ್ನುವವರದ್ದು ಇನ್ನೊಂದು ದಾರಿ. ಅಮೆರಿಕದಲ್ಲಿ ಇಲಿನಾಯ್, ಅಯೋವಾ, ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳಲ್ಲಿ ದೊಡ್ಡವರಿಗೆ ಹೆಲ್ಮೆಟ್ ಕಡ್ಡಾಯ ಇಲ್ಲ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ 'ಸ್ವತಂತ್ರವಾಗಿ ಬದುಕು, ಇಲ್ಲವೇ ಸಾಯಿ' ಅನ್ನುವುದು ರಾಜ್ಯದ ಧ್ಯೇಯವಾಕ್ಯ. ಅದನ್ನು ವಾಹನಗಳ ನಂಬರ್ ಪ್ಲೇಟಿನ ಮೇಲೇ ಬರೆಸಿದ್ದಾರೆ. ಬೈಕ್ ಸವಾರನಿಗೆ ಎರಡೂ ಅನುಕೂಲ ಮಾಡಿಕೊಟ್ಟಿದ್ದಾರೆ ಅನ್ನಬೇಕು. ಫ್ಲಾರಿಡಾ 2000ದಲ್ಲಿ ಇನ್ನೂ ಬುದ್ಧಿವಂತಿಕೆ ಮಾಡಿತು. 21 ದಾಟಿದ್ದರೆ ಹೆಲ್ಮೆಟ್ ಬೇಡ, ಆದರೆ 10,000 ಡಾಲರಿನ ವೈದ್ಯಕೀಯ ವಿಮೆ ಇರಬೇಕು. ತಲೆ ಹೇಗಾದರೂ ಇರಲಿ, ಆಸ್ಪತ್ರೆಯ ಬಿಲ್ಲಿಗೆ ಮಾತ್ರ ಹೆಲ್ಮೆಟ್ ಹಾಕಿಸಿದರು.

ಕಡ್ಡಾಯದಿಂದ ಯಾರಿಗೂ ತೊಂದರೆ ಆಗಿಲ್ಲವೇ ಅಂದರೆ ಆಗಿದೆ. ಕಳ್ಳರಿಗೆ. ಪಶ್ಚಿಮ ಜರ್ಮನಿಯಲ್ಲಿ 1980ರಲ್ಲಿ ಹೆಲ್ಮೆಟ್ ಇಲ್ಲದವರಿಗೆ ಸ್ಥಳದಲ್ಲೇ ದಂಡ ಹಾಕೋಕೆ ಶುರುಮಾಡಿದರು. ಆ ವರ್ಷ ಅಲ್ಲಿ ಸುಮಾರು ಒಂದೂವರೆ ಲಕ್ಷ ಬೈಕ್ ಕಳ್ಳತನ ಆಗಿದ್ದವು. 1986ರ ಹೊತ್ತಿಗೆ ಅದು ಹೆಚ್ಚುಕಡಿಮೆ ಮೂರನೇ ಒಂದು ಪಾಲಿಗೆ ಇಳಿಯಿತು. ದಾರಿಯಲ್ಲಿ ನಿಂತ ಬೈಕ್ ನೋಡಿ ಆಸೆಪಟ್ಟು ಹತ್ತಿದ ಕಳ್ಳನ ಹತ್ತಿರ ಹೆಲ್ಮೆಟ್ ಇರುತ್ತಾ? ಬರಿತಲೆಯಲ್ಲಿ ಹೊರಟ, ಪೊಲೀಸ್ ಕೈ ಅಡ್ಡ ಹಿಡಿದ, ಅಲ್ಲಿಗೆ ಮುಗಿಯಿತು. ಮನೆಯಿಂದಲೇ ಹೆಲ್ಮೆಟ್ ಹಿಡಿದು ಹೊರಡುವಷ್ಟು ಶಿಸ್ತು ಇದ್ದಿದ್ದರೆ ಅವನು ಕಳ್ಳ ಯಾಕೆ ಆಗುತ್ತಿದ್ದ ಅಲ್ವಾ? ಇಂಥ ವಿಷಯದಲ್ಲಿ ಮಾತ್ರ ಮಾವನಿಗೆ ತುಂಬಾ ಆಸಕ್ತಿ. "ಹಾಗಾದ್ರೆ ಕನ್ನಡಿಗೆ ಹೆಲ್ಮೆಟ್ ಸಿಕ್ಕಿಸಿ ಹೋಗೋನು ಕಳ್ಳನಿಗೆ ಎರಡೂ ಒದಗಿಸಿಕೊಟ್ಟ ಹಾಗೆ" ಅಂದರು. ಅವತ್ತಿನಿಂದ ಅವರು ಕನ್ನಡಿಗೆ ಸಿಕ್ಕಿಸುವುದನ್ನು ಬಿಟ್ಟಿದ್ದಾರೆ. ತಲೆಗೋಸ್ಕರ ಅಲ್ಲ, ಬೈಕಿಗೋಸ್ಕರ.

ಪಟ್ಟಿ ಹಾಕದೆ ಬರೀ ಟೋಪಿಯಂತೆ ಇಟ್ಟುಕೊಂಡು ಹೋಗುವವರ ಬಗ್ಗೆ ಜಾಸ್ತಿ ಹೇಳಲ್ಲ. ಬಿದ್ದಾಗ ಅವರಿಗಿಂತ ಮೊದಲು ಅವರ ಹೆಲ್ಮೆಟ್ ಹೊರಟುಹೋಗಿರುತ್ತದೆ. ಪಕ್ಕದಿಂದ ಬರುವುದು ಕಾಣಲ್ಲ ಅನ್ನುವವರಿಗೂ ಒಂದೇ ಮಾತು. ಯುರೋಪಿನ ನಿಯಮವೂ ಅಮೆರಿಕದ ನಿಯಮವೂ ಹೆಲ್ಮೆಟ್ಟಿನಲ್ಲಿ ಎಡಕ್ಕೆ 105 ಡಿಗ್ರಿ, ಬಲಕ್ಕೆ 105 ಡಿಗ್ರಿ ನೋಟ ಬಿಟ್ಟಿರಬೇಕು ಅನ್ನುತ್ತವೆ. ಅದು ಸಾಲದು ಅಂದರೆ ಕತ್ತು ಇದೆಯಲ್ಲ.

ಆದರೆ ಕಿವಿಯ ತಕರಾರನ್ನು ನಾನು ಪೂರ್ತಿ ತಳ್ಳಿಹಾಕಲ್ಲ. ಹಾರ್ನ್ ಕೇಳಿಸುತ್ತದೆ. ಕೇಳಿಸದೆ ಇರೋಕೆ ಯಾರೂ ಬಿಡಲ್ಲ. ಕೇಳಿಸದೆ ಇರುವುದು ಮಾತು. ಅದರಲ್ಲೂ ಹೆಲ್ಮೆಟ್ ಹಾಕಿದ ಇಬ್ಬರು ಮಾತಾಡಬಾರದು. ಅದಕ್ಕೊಂದು ಕಾನೂನು ಬೇಕು.

ಮೋಡ ಕವಿದಿದ್ದ ಒಂದು ಸಂಜೆ ಸಿಗ್ನಲ್‌ನಲ್ಲಿ ನಿಂತಿದ್ದೆ. ಪಕ್ಕಕ್ಕೆ ಒಂದು ಬೈಕ್ ಬಂದು ನಿಂತಿತು. ಕಪ್ಪು ಹೆಲ್ಮೆಟ್, ಕಪ್ಪು ಗಾಜು. ಅದು ನನ್ನ ಕಡೆ ತಿರುಗಿ ತಲೆ ಆಡಿಸಿತು. ಯಾರು ಅಂತ ಗೊತ್ತಾಗಲಿಲ್ಲ. ಆದರೂ ಮರ್ಯಾದೆಗೆ ನಾನೂ ಆಡಿಸಿದೆ.

"ಮ...ಲಿ ಹ್ಯಾಗೆ?" ಅಂತ ಒಳಗಿನಿಂದ ಗುಂಯ್‌ಗುಟ್ಟಿತು. ಮಳೆ ಹ್ಯಾಗೆ ಅಂತ ಕೇಳಿದ್ದು ಅಂದುಕೊಂಡೆ.

"ಬೆಳಗ್ಗೆಯಿಂದ ಒಂದೇ ಸಮ ಗುಡುಗು. ಈಗ ತಣ್ಣಗಾಗಿದೆ" ಅಂದೆ.

ಕಪ್ಪು ಹೆಲ್ಮೆಟ್ ಸ್ವಲ್ಪ ಹೊತ್ತು ಸುಮ್ಮನಿತ್ತು. "ಯಾವಾಗ್ಲೂ ಹೀಗೇನಾ?"

"ಈಗೀಗ ಜಾಸ್ತಿ. ಯಾವಾಗ ಸುರಿಯುತ್ತೋ ಹೇಳೋಕಾಗಲ್ಲ. ನಾನಂತೂ ಕೋಟು ಜೊತೆಗೇ ಇಟ್ಟುಕೊಂಡಿರ್ತೀನಿ."

"ಛೇ, ಪಾಪ" ಅಂದಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಮಳೆಗೆ ಯಾಕೆ ಪಾಪ ಅನ್ನುತ್ತಾರೆ ಅಂತ ಯೋಚಿಸುವಷ್ಟರಲ್ಲಿ ಆತ ಗಾಜು ಎತ್ತಿದರು. ಈ ಮುಖವನ್ನು ನಾನು ಜನ್ಮದಲ್ಲಿ ನೋಡಿಲ್ಲ. ಆತ ನನ್ನ ಭುಜದ ಮೇಲೆ ಕೈಯಿಟ್ಟು, ಹೆಲ್ಮೆಟ್ಟಿಗೆ ಹೆಲ್ಮೆಟ್ ತಾಗಿಸಿ ಹೇಳಿದರು:

"ನೋಡಿ, ಸಂಸಾರ ಅಂದಮೇಲೆ ಇದೆಲ್ಲ ಇದ್ದದ್ದೇ. ಹೆದರಬೇಡಿ. ಭಾನುವಾರ ನಾವಿಬ್ಬರೂ ನಿಮ್ಮ ಮನೆಗೆ ಬರ್ತೀವಿ. ನನ್ನ ಹೆಂಡತಿ ಅವರ ಹತ್ತಿರ ಮಾತಾಡ್ತಾಳೆ, ಎಲ್ಲ ಸರಿಹೋಗುತ್ತೆ."

ನಾನು ಬಾಯಿ ತೆಗೆಯುವಷ್ಟರಲ್ಲಿ ಹಸಿರು ದೀಪ ಬಂತು. ಹಿಂದಿನವರೆಲ್ಲ ಹಾರ್ನ್ ಒತ್ತಿದರು, ಆ ಮನುಷ್ಯ ಹೋಗೇಬಿಟ್ಟರು. ಭಾನುವಾರ ನಮ್ಮ ಮನೆಗಂತೂ ಯಾರೂ ಬರಲಿಲ್ಲ. ನನ್ನಂಥದ್ದೇ ಹೆಲ್ಮೆಟ್ ಇಟ್ಟುಕೊಂಡಿರುವ ಯಾರದ್ದೋ ಮನೆಗೆ ಹೋಗಿ, ಜಗಳವೇ ಆಡದ ಗಂಡಹೆಂಡಿರನ್ನು ಎದುರು ಬದುರು ಕೂರಿಸಿ ರಾಜಿ ಮಾಡಿಸಿ ಬಂದಿರುತ್ತಾರೆ.