ಸಿಎನ್‌ಸಿ ಕಲಿಯುವ ಹುಡುಗ ವಿದ್ಯಾರ್ಥಿ ಅಲ್ವಾ?

ನಿನ್ನೆ ಸಂಜೆ ಬೆಳಗಾವಿ ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರ್‌ಗೆ ಝೆರಾಕ್ಸ್ ತೆಗೆಸಲು ಹೋಗಿದ್ದೆ. ಅಲ್ಲಿ ನೋಡಿದ್ದು ಇನ್ನೂ ತಲೆಯಿಂದ ಹೋಗಿಲ್ಲ. ಸಿಟ್ಟು ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ಯರಗಟ್ಟಿ ಕಡೆಯ ಒಬ್ಬ ಹುಡುಗ, ಜೊತೆಗೆ ಅವನ ಅಪ್ಪ. ಪ್ಲಾಸ್ಟಿಕ್ ಕವರ್‌ನಲ್ಲಿ ಜಾತಿ, ಆದಾಯ ಪ್ರಮಾಣಪತ್ರ, ಆಧಾರ್, ಪಾಸ್‌ಬುಕ್, ಎಲ್ಲ ನೀಟಾಗಿ ಜೋಡಿಸಿ ತಂದಿದ್ದರು. ಹುಡುಗ ಇಲ್ಲೇ ಒಂದು ಖಾಸಗಿ ಸಂಸ್ಥೆಯಲ್ಲಿ ನಾಲ್ಕು ತಿಂಗಳ ಸಿಎನ್‌ಸಿ ಕೋರ್ಸ್ ಸೇರಿದ್ದಾನೆ. ಅಂದರೆ ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೊರೆಯುವ ಮಷಿನ್ ಓಡಿಸುವ ಕೆಲಸ. ಫೀ 28 ಸಾವಿರ. ತಾಯಿ ಸಂಘದಲ್ಲಿ ಸಾಲ ತೆಗೆದು ಕಟ್ಟಿದ್ದಾರೆ. ಸ್ಕಾಲರ್‌ಶಿಪ್ ಬಂದರೆ ಸಾಲದ ಕಂತಿಗಾದರೂ ಆಗುತ್ತದೆ ಅಂತ ಎಸ್‌ಎಸ್‌ಪಿ, ಅಂದರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಬಂದಿದ್ದರು. ಸೈಬರ್ ಹುಡುಗ ಪೋರ್ಟಲ್ ತೆಗೆದು ಸಂಸ್ಥೆಯ ಹೆಸರು ಹುಡುಕಿದ. ಬರಲಿಲ್ಲ. ಸ್ಪೆಲ್ಲಿಂಗ್ ಬದಲಿಸಿ ನೋಡಿದ. ಆಗಲೂ ಇಲ್ಲ. ಆಮೇಲೆ, "ಕಾಕಾ, ಇದು ಕಾಲೇಜ್ ಅಲ್ಲ, ಇದರಾಗ ಬರೂದಿಲ್ಲರೀ" ಅಂದ.

ಅಪ್ಪ ಕೇಳಿದರು, "ಯಾಕ್ರೀ, ಇದೂ ಸಾಲೀನ ಅಲ್ಲೇನು? ದಿನಾ ಹೋಗ್ತಾನ. ಫೀ ಕಟ್ಟೇವಿ."

ಅದಕ್ಕೆ ಯಾರಲ್ಲೂ ಉತ್ತರ ಇರಲಿಲ್ಲ. ಅವರು ಕಾಗದಗಳನ್ನು ಒಂದೊಂದಾಗಿ ವಾಪಸ್ ಕವರ್‌ಗೆ ಹಾಕಿಕೊಂಡು ಹೋದರು.

ನಾನು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಮಷಿನ್ ಶಾಪ್‌ಗಳಲ್ಲೇ ಇಷ್ಟು ವರ್ಷ ಕಳೆದವನು ಅಂತ ಇಲ್ಲಿರುವ ಹೆಚ್ಚಿನವರಿಗೆ ಗೊತ್ತು. ಫೌಂಡ್ರಿಯಿಂದ ಕಾಸ್ಟಿಂಗ್, ಅಂದರೆ ಎರಕದ ತುಂಡು ಬರುತ್ತದೆ, ನಾವು ಮಷಿನ್ ಮೇಲೆ ಕೊರೆದು ಅಳತೆಗೆ ತಂದು ಕೊಡುತ್ತೇವೆ. ಪಂಪು, ವಾಲ್ವು, ಗಾಡಿಗಳ ಪಾರ್ಟು. ಊರು ಹೊಟ್ಟೆ ತುಂಬಿಸಿಕೊಳ್ಳುವುದೇ ಇದರಿಂದ. ಉದ್ಯಮಬಾಗ, ಮಚ್ಛೆ, ಹೊನಗಾ, ಆ ಕಡೆ ಹತ್ತರಗಿಯ ವಿಮಾನದ ಬಿಡಿಭಾಗಗಳ ಕಾರ್ಖಾನೆಗಳು. ಎಲ್ಲೇ ಹೋಗಿ ಕೇಳಿ, ಒಂದೇ ಮಾತು: ಕೆಲಸ ಇದೆ, ಕೆಲಸ ಗೊತ್ತಿರುವ ಕೈ ಇಲ್ಲ.

ಇಂಥ ಖಾಸಗಿ ಸಂಸ್ಥೆಯಲ್ಲೇ ಕಲಿತು ಬಂದ ಒಬ್ಬ ಹುಡುಗನನ್ನು ಇತ್ತೀಚೆಗೆ ಮಷಿನ್ ಮೇಲೆ ನಿಲ್ಲಿಸಿ ನೋಡಿದೆ. 40 ಎಂಎಂ ಬೋರ್ (ದುಂಡನೆ ತೂತು), ಎಚ್7 ಫಿಟ್. ಅಂದರೆ 40ಕ್ಕಿಂತ ಕೂದಲಷ್ಟೂ ಕಡಿಮೆ ಆಗಬಾರದು, ಜಾಸ್ತಿ ಆದರೆ 25 ಮೈಕ್ರಾನ್, ಅಂದರೆ ಒಂದು ಎಂಎಂನ ಸಾವಿರದಲ್ಲಿ 25 ಪಾಲು ದಾಟಬಾರದು. ಹುಡುಗ ಅವಸರ ಮಾಡಲಿಲ್ಲ. ಅರ್ಧ ಎಂಎಂ ಉಳಿಸಿ ಮೊದಲ ಕಟ್ ತೆಗೆದ. ಜಾಬ್ ಒರೆಸಿದ. ಬೋರ್ ಗೇಜ್ ಇಟ್ಟು, ಸ್ವಲ್ಪ ಆಡಿಸಿ, ಮುಳ್ಳು ತಿರುಗುವ ಜಾಗ ನೋಡಿದ. ಆಫ್‌ಸೆಟ್ (ಮಷಿನ್‌ಗೆ ಕೊಟ್ಟ ಟೂಲ್‌ನ ಅಳತೆ) ತಿದ್ದಿ ಎರಡನೇ ಕಟ್ ಕೊಟ್ಟ. ಹನ್ನೆರಡು ಮೈಕ್ರಾನ್ ಮೇಲೆ ಬಂದು ನಿಂತಿತು, ಸರಿಯಾಗಿ ನಡುವೆ. ಅವತ್ತೇ ಕೆಲಸಕ್ಕೆ ತೆಗೆದುಕೊಂಡೆವು.

ಇದನ್ನು ಕಲಿಯುವಾಗ ಆ ಹುಡುಗನಿಗೆ ಸರ್ಕಾರದಿಂದ ಒಂದು ರೂಪಾಯಿ ಸಿಕ್ಕಿರಲಿಲ್ಲ.

ಸರ್ಕಾರ ದುಡ್ಡು ಕೊಡುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 2021ರಲ್ಲಿ ಬೊಮ್ಮಾಯಿಯವರು ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ ತಂದರು. ಐಟಿಐ, ಪಿಯುಸಿ ಹುಡುಗರಿಗೆ 2,500, ಹುಡುಗಿಯರಿಗೆ 3,000. ಒಳ್ಳೆಯ ಕೆಲಸ. ಆಮೇಲೆ ಸಿದ್ದರಾಮಯ್ಯನವರ ಸರ್ಕಾರ ಯುವನಿಧಿ ತಂತು. ಡಿಗ್ರಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷದವರೆಗೆ. ಡಿಗ್ರಿಯವರಿಗೆ ಲೆಕ್ಕ ಹಾಕಿ, 72 ಸಾವಿರ. ಅದನ್ನೂ ನಾನು ವಿರೋಧಿಸುವುದಿಲ್ಲ, ನಿರುದ್ಯೋಗದ ಕಷ್ಟ ನನಗೂ ಗೊತ್ತು. ಆದರೆ ಕೆಲಸ ಇಲ್ಲದೆ ಕೂತವನಿಗೆ 72 ಸಾವಿರದವರೆಗೆ ಕೊಡಲು ಆಗುವ ಸರ್ಕಾರಕ್ಕೆ, ಕೆಲಸ ಕಲಿಯುತ್ತಿರುವವನ 28 ಸಾವಿರದಲ್ಲಿ ಅರ್ಧವನ್ನಾದರೂ ಯಾಕೆ ಕೊಡಲಾಗುವುದಿಲ್ಲ? ಡಿಗ್ರಿ ಮುಗಿಸಿದ ಅದೇ ಹುಡುಗ ಕೊನೆಗೆ ಬರುವುದು ಇದೇ ಖಾಸಗಿ ಕೋರ್ಸಿಗೇ ತಾನೆ! ಬಿಎ ಮುಗಿಸಿ ಬಂದು ಸಿಎನ್‌ಸಿ ಕಲಿತ ಹುಡುಗರು ನಮ್ಮ ಶಾಪ್‌ನಲ್ಲೇ ಇದ್ದಾರೆ.

ಐಟಿಐಗೆ ಹೋಗಲಿ, ಅಲ್ಲಿ ಸ್ಕಾಲರ್‌ಶಿಪ್ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಐಟಿಐ ಬಗ್ಗೆ ನನಗೆ ತುಂಬಾ ಗೌರವ ಇದೆ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಸುಧಾರಿಸಿದ್ದೂ ಒಳ್ಳೆಯದೇ ಆಯಿತು. ಆದರೆ ಫಿಟ್ಟರ್, ಟರ್ನರ್ ಅಂದರೆ ಎರಡು ವರ್ಷ. ಮನೆಯಲ್ಲಿ ದುಡಿಯುವವರು ಒಬ್ಬರೇ ಇದ್ದಾಗ, ಇಪ್ಪತ್ತೆರಡರ ಹುಡುಗ ಎರಡು ವರ್ಷ ಗಳಿಕೆ ಬಿಟ್ಟು ಕೂರಲು ಆಗುತ್ತದಾ? ಮದುವೆಯಾಗಿ ಬಂದ ಹೆಣ್ಣುಮಗಳು ಹೊಲಿಗೆ, ಬ್ಯೂಟಿಷಿಯನ್ ಕೋರ್ಸ್ ಮಾಡಬೇಕೆಂದರೆ ಎಲ್ಲಿಗೆ ಹೋಗಬೇಕು? ವಿಜಯಪುರದ ಕಡೆ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್‌ಗಳಿಗೆ ರೆಫ್ರಿಜರೇಷನ್ ಮೆಕ್ಯಾನಿಕ್ ಬೇಕು. ಮುಧೋಳದ ಕಡೆ ಕಬ್ಬು ಕಟಾವಿನ ಮಷಿನ್ ಓಡಿಸುವವರು ಬೇಕು. ಇವೆಲ್ಲ ಕೆಲವು ತಿಂಗಳಲ್ಲಿ ಕಲಿಯುವ ಕೆಲಸಗಳು. ಸರ್ಕಾರದ ಉಚಿತ ತರಬೇತಿ ಇದೆ, ನಿಜ. ಆದರೆ ಬೇಕಾದ ಕೋರ್ಸ್, ಬೇಕಾದ ಊರಲ್ಲಿ, ಬೇಕಾದ ಹೊತ್ತಿಗೆ ಸಿಕ್ಕರೆ ಯಾರೂ ಸಂಘದ ಸಾಲ ತೆಗೆಯುತ್ತಿರಲಿಲ್ಲ.

ಇನ್ನು ದೊಡ್ಡ ತಕರಾರು ಒಂದಿದೆ. ನಿನ್ನೆ ರಾತ್ರಿ ಗೆಳೆಯರೊಬ್ಬರು ಫೋನಿನಲ್ಲಿ ಅದನ್ನೇ ಹೇಳಿದರು. "ಖಾಸಗಿಯವರಿಗೆ ಬಾಗಿಲು ತೆಗೆದರೆ ಓಣಿಗೊಂದು ಬೋರ್ಡ್ ಬೀಳ್ತಾವ. ಹುಡುಗರ ಹೆಸರು ಬರೆದುಕೊಂಡು ದುಡ್ಡು ಹೊಡೀತಾರ" ಅಂತ. ಅಮೆರಿಕದ ಉದಾಹರಣೆಯನ್ನೂ ಕೊಟ್ಟರು. ಅಲ್ಲಿ ಬಡ ವಿದ್ಯಾರ್ಥಿಗಳಿಗೆ ಕೊಡುವ ಪೆಲ್ ಗ್ರಾಂಟ್ ಲಾಭಕ್ಕಾಗಿ ನಡೆಯುವ ಶಾಲೆಗಳಿಗೂ ಸಿಗುತ್ತದೆ. ಸರ್ಕಾರದ ನೆರವಿನ ಹಣದಿಂದಲೇ ಬೆಳೆದ ಐಟಿಟಿ ಟೆಕ್ ಅನ್ನುವ ದೊಡ್ಡ ಸಂಸ್ಥೆ 2016ರಲ್ಲಿ ಒಮ್ಮೆಲೇ ಬಾಗಿಲು ಹಾಕಿತು. ಸಾವಿರಾರು ವಿದ್ಯಾರ್ಥಿಗಳು ಸಾಲ ಹೊತ್ತುಕೊಂಡು ಬೀದಿಗೆ ಬಂದರು. ಇದು ನಿಜ.

ಆದರೆ ಆಮೇಲೆ ಏನಾಯಿತು ಅನ್ನುವುದನ್ನೂ ನೋಡಬೇಕು. ಅಷ್ಟು ಪೆಟ್ಟು ತಿಂದ ಅದೇ ಅಮೆರಿಕ 2025ರಲ್ಲಿ ಕಾನೂನು ಮಾಡಿ, 8ರಿಂದ 15 ವಾರಗಳ ಸಣ್ಣ ವೃತ್ತಿ ಕೋರ್ಸ್‌ಗಳಿಗೂ ಪೆಲ್ ಗ್ರಾಂಟ್ ಕೊಡಲು ಒಪ್ಪಿತು. 2026ರ ಜುಲೈನಿಂದ ಜಾರಿ. ಷರತ್ತು ಗಟ್ಟಿಯಾಗಿದೆ. ಸೇರಿದವರಲ್ಲಿ ನೂರಕ್ಕೆ 70 ಜನ ಕೋರ್ಸ್ ಮುಗಿಸಿರಬೇಕು, ನೂರಕ್ಕೆ 70 ಜನರಿಗೆ ಕೆಲಸ ಸಿಕ್ಕಿರಬೇಕು. ಇಲ್ಲದಿದ್ದರೆ ಆ ಕೋರ್ಸಿಗೆ ದುಡ್ಡಿಲ್ಲ. ಕಳ್ಳರಿದ್ದಾರೆ ಅಂತ ಅವರು ಬಾಗಿಲು ಮುಚ್ಚಲಿಲ್ಲ, ಬಾಗಿಲಲ್ಲಿ ಕಾವಲು ಇಟ್ಟರು.

ನಮ್ಮಲ್ಲಿ ಕಾವಲು ಇಡುವುದು ಇನ್ನೂ ಸುಲಭ. ನಮ್ಮ ಸ್ಕಾಲರ್‌ಶಿಪ್ ಹೋಗುವುದೇ ವಿದ್ಯಾರ್ಥಿಯ ಆಧಾರ್ ಜೋಡಣೆಯಾದ ಖಾತೆಗೆ. ಸಂಸ್ಥೆಯವನ ಕೈಗೆ ಕೊಡಬೇಕಾಗಿಯೇ ಇಲ್ಲ. ಅರ್ಧ ಹಣ ಹಾಜರಾತಿ ನೋಡಿ, ಉಳಿದರ್ಧ ಪರೀಕ್ಷೆ ಪಾಸಾದ ಮೇಲೆ. ಆ ಪರೀಕ್ಷೆಯನ್ನು ಕಲಿಸಿದವರೇ ಮಾಡಬಾರದು, ಹೊರಗಿನವರು ಮಷಿನ್ ಮುಂದೆ ನಿಲ್ಲಿಸಿ ಮಾಡಬೇಕು. ಉದ್ಯಮಬಾಗದಲ್ಲೇ ಸರ್ಕಾರದ ಟೂಲ್ ರೂಮ್, ಅಂದರೆ ಜಿಟಿಟಿಸಿ ಇದೆ. ಅಲ್ಲಿ ಪರೀಕ್ಷೆ ಇಡಲಿ. ಬೋರ್ಡ್ ಹಾಕಿಕೊಂಡು ಕೂತವನ ಹಣೆಬರಹ ಒಂದೇ ಬ್ಯಾಚಿನಲ್ಲಿ ಬಯಲಾಗುತ್ತದೆ. ಮೈಕ್ರೋಮೀಟರ್ ಹಿಡಿಯಲು ಬಾರದ ಹುಡುಗನಿಗೆ ಬೋರ್ ಮಾಡಲು ಬರುವುದಿಲ್ಲ.

ಮತ್ತೆ ಮೋಸದ ಮಾತು ಬರೀ ಖಾಸಗಿ ತರಬೇತಿಗೇ ಯಾಕೆ? ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಹುಡುಗರಿಗೆ ಸ್ಕಾಲರ್‌ಶಿಪ್ ಇದೆ. ಖಾಸಗಿ ನರ್ಸಿಂಗ್ ಕಾಲೇಜಿಗೆ ಇದೆ. ಮಾನ್ಯತೆ ಇರುವ ಖಾಸಗಿ ಐಟಿಐಗೂ ಇದೆ. ಅಲ್ಲೆಲ್ಲ ಖಾಸಗಿ ಅನ್ನುವುದು ಅಡ್ಡ ಬರಲಿಲ್ಲ. ಕೈಗೆ ಗ್ರೀಸ್ ಹತ್ತುವ ಹುಡುಗರ ಸಣ್ಣ ಕೋರ್ಸಿಗೆ ಬಂದಾಗ ಮಾತ್ರ ಎಲ್ಲರಿಗೂ ಕಳ್ಳರ ನೆನಪಾಗುತ್ತದೆ. ಇದು ನನಗೆ ತಡೆಯಲು ಆಗುವುದಿಲ್ಲ. ಹೌದು, ಸಿಟ್ಟಿನಲ್ಲೇ ಹೇಳುತ್ತಿದ್ದೇನೆ. ಯಾಕೆಂದರೆ ನಮ್ಮಪ್ಪನೂ ಲೇಥ್ ಮೇಲೆ ನಿಂತೇ ನಮ್ಮನ್ನು ಓದಿಸಿದವರು. ಅವರ ಕೆಲಸವನ್ನು ವಿದ್ಯೆ ಅಂತ ಒಬ್ಬರೂ ಕರೆಯಲಿಲ್ಲ.

ಚಳಿಗಾಲದ ಅಧಿವೇಶನಕ್ಕೆ ಇಡೀ ಸರ್ಕಾರ ಸುವರ್ಣ ವಿಧಾನಸೌಧಕ್ಕೆ ಬರುತ್ತದೆ. ಅಲ್ಲಿಂದ ಉದ್ಯಮಬಾಗಕ್ಕೆ ಎಷ್ಟು ದೂರ? ಅಷ್ಟರಲ್ಲಿ ಒಂದು ಮನವಿ ಬರೆದು ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರೂ ಜಿಲ್ಲೆಗಳ ಶಾಸಕರ ಕೈಗೆ ಕೊಡೋಣ ಅಂತಿದ್ದೇನೆ. ಕೇಳುವುದು ಇಷ್ಟೇ: ಹೊರಗಿನ ಪರೀಕ್ಷೆಗೆ ಒಪ್ಪುವ ಖಾಸಗಿ ತರಬೇತಿ ಸಂಸ್ಥೆಗಳ ಹೆಸರನ್ನು ಎಸ್‌ಎಸ್‌ಪಿ ಪಟ್ಟಿಗೆ ಸೇರಿಸಿ. ಬಾಗಲಕೋಟೆ, ವಿಜಯಪುರದ ಗೆಳೆಯರು ನಿಮ್ಮ ಕಡೆ ಹುಡುಗ ಹುಡುಗಿಯರು ಯಾವ ಕೋರ್ಸ್ ಸೇರುತ್ತಿದ್ದಾರೆ, ಫೀ ಎಷ್ಟು, ದುಡ್ಡು ಎಲ್ಲಿಂದ ತಂದು ಕಟ್ಟುತ್ತಿದ್ದಾರೆ ಅಂತ ಬರೆದು ಕಳಿಸಿ. ಶಾಪ್ ನಡೆಸುವವರು ಸಹಿ ಹಾಕಲು ಬನ್ನಿ. ಭಾನುವಾರ ನಾನು ಮನೆಯಲ್ಲೇ ಇರುತ್ತೇನೆ.